ದಿನದ ಧಮ್ಮ ಚಿಂತನೆ: ಸಮ್ಯಕ್ ವ್ಯಾಯಾಮ


ಅಷ್ಟಾಂಗ ಮಾರ್ಗದಲ್ಲಿ ಇಂದು ಸಮ್ಯಕ್ ವ್ಯಾಯಾಮ. 'ಸರಿಯಾದ ಪ್ರಯತ್ನ' ಎಂದು ಅರ್ಥ ಹೇಳಿ ಮುಗಿಸಿಬಿಡುತ್ತೇವೆ. ಆದರೆ ಪ್ರಯತ್ನ ಎಂದರೆ ಬಹಳ ಜನಕ್ಕೆ ಹಟ ಎಂದೇ ಅರ್ಥ. ಎರಡಕ್ಕೂ ಇರುವ ವ್ಯತ್ಯಾಸ ತಿಳಿಸಲು ನಾನು ಶಾಲೆಯಲ್ಲಿ ಪೂರ್ಣಾ ಮತ್ತು ಆನಂದನ ವಿಷಯ ಹೇಳುತ್ತೇನೆ.

2014ರ ಮೇ 25ರಂದು ಎವರೆಸ್ಟ್ ತುದಿ ಮುಟ್ಟಿದಾಗ ಮಾಲಾವತ್ ಪೂರ್ಣಾಳಿಗೆ 13 ವರ್ಷ. ನಿಜಾಮಾಬಾದ್ ಜಿಲ್ಲೆಯ ಲಂಬಾಣಿ ಕೂಲಿಕಾರರ ಮಗಳು. ಜೊತೆಗಿದ್ದ ಆನಂದ್ ಕುಮಾರ್ ಖಮ್ಮಂ ಜಿಲ್ಲೆಯ ದಲಿತ ಹುಡುಗ. ಇಬ್ಬರೂ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಪತ್ರಿಕೆಗಳು ಅವರ ಧೈರ್ಯವನ್ನು ಹೊಗಳಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿನ ತಯಾರಿ.

ಆ ಶಾಲೆಗಳ ಕಾರ್ಯದರ್ಶಿಯಾಗಿದ್ದ ಐಪಿಎಸ್ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್ ಮಕ್ಕಳನ್ನು ನೇರ ಹಿಮಾಲಯಕ್ಕೆ ಕಳಿಸಲಿಲ್ಲ. ಮೊದಲು ಹೈದರಾಬಾದ್ ಹತ್ತಿರದ ಭುವನಗಿರಿಯ ಬಂಡೆಯಲ್ಲಿ ಹತ್ತುವುದನ್ನು ಕಲಿಸಿದರು. ಬಳಿಕ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆ. ಆಮೇಲೆ ಚಳಿ ತಡೆಯುವುದನ್ನು ಕಲಿಯಲು ಲಡಾಖ್. ಪ್ರತಿ ಹಂತದಲ್ಲೂ ಜರಡಿ ಹಿಡಿದು ಕೊನೆಗೆ ಉಳಿದವರು ಇಬ್ಬರು. 16 ತುಂಬದವರಿಗೆ ನೇಪಾಳ ಅನುಮತಿ ಕೊಡುವುದಿಲ್ಲ, ಹಾಗಾಗಿ ಟಿಬೆಟ್ ಕಡೆಯ ದಾರಿ.

ಬೆಟ್ಟದ ಮೇಲೂ ಸೀದಾ ಹತ್ತಿಬಿಡುವಂತಿಲ್ಲ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಒಂದು ಭಾಗ ಮಾತ್ರ. ಅದಕ್ಕೆ ಮೈ ಒಗ್ಗಬೇಕಾದರೆ ಒಂದಷ್ಟು ಮೇಲೆ ಹೋಗಬೇಕು, ಮತ್ತೆ ಇಳಿದು ಬಂದು ಮಲಗಬೇಕು. ವಾರಗಟ್ಟಲೆ ಇದೇ ಕೆಲಸ. ಹಟ ಹಿಡಿದವನು ಇಳಿಯಲು ಒಪ್ಪುವುದಿಲ್ಲ, ಅಲ್ಲೇ ಸಾಯುತ್ತಾನೆ.

ಬುದ್ಧರು ಹೇಳಿದ ನಾಲ್ಕು ಪ್ರಯತ್ನಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಹುಟ್ಟದ ಕೆಡುಕನ್ನು ತಡೆಯುವುದು, ಹುಟ್ಟಿದ್ದನ್ನು ತೊರೆಯುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಇರುವ ಒಳಿತನ್ನು ಬೆಳೆಸುವುದು. ಮೊದಲನೆಯದೇ ಮುಂದಾಲೋಚನೆ! ಹಣೆಬರಹಕ್ಕೂ ಹರಕೆಗೂ ಇಲ್ಲಿ ಜಾಗವೇ ಇಲ್ಲ.

ಹಾಗೆಂದು 13ರ ಮಗುವನ್ನು ಅಲ್ಲಿಗೆ ಕಳಿಸಬಹುದಿತ್ತೇ? ನನ್ನ ಎಂಟನೇ ತರಗತಿಯ ಹುಡುಗಿಯರ ಮುಖ ನೋಡಿದರೆ ಹೌದೆನ್ನಲು ನಾಲಿಗೆ ಬರುವುದಿಲ್ಲ. ಅದೇ ವರ್ಷ ಏಪ್ರಿಲ್ 18ರಂದು ನೇಪಾಳದ ಕಡೆ ಹಿಮ ಕುಸಿದು 16 ಕೆಲಸಗಾರರು ಸತ್ತರು. ಹೆಚ್ಚಿನವರು ಶೆರ್ಪಾಗಳು, ಹುಟ್ಟಿನಿಂದ ಬೌದ್ಧರು. ಬೇರೆಯವರ ಯಾತ್ರೆಗಾಗಿ ಹೊರೆ ಹೊರುವ, ದಾರಿ ಮಾಡುವ ಕೆಲಸ ಅವರದು. ಓದಿ ಮೇಲೆ ಬಂದ ನಮಗೆ ಹಗ್ಗ ಕಟ್ಟಿಕೊಟ್ಟವರು ಯಾರು ಎಂಬುದನ್ನೂ ಇಂದು ಮನೆಯಲ್ಲಿ ಮಾತಾಡಿ.

ಮಕ್ಕಳು ತುದಿಗೆ ಒಯ್ದದ್ದು ಬಾಬಾಸಾಹೇಬರ ಫೋಟೊ, ಜೊತೆಗೆ ಎಸ್.ಆರ್. ಶಂಕರನ್ ಅವರದು. ಶಂಕರನ್ ಐಎಎಸ್ ಅಧಿಕಾರಿ. ಪೂರ್ಣಾ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಇಂಥ ವಸತಿ ಶಾಲೆಗಳಿಗಾಗಿ ದುಡಿದವರು. 2010ರಲ್ಲೇ ತೀರಿಕೊಂಡರು, ಎವರೆಸ್ಟಿನ ಸುದ್ದಿ ಅವರಿಗೆ ಕೇಳಿಸಲಿಲ್ಲ.

ನಾಳೆ: ಸಮ್ಯಕ್ ಸ್ಮೃತಿ. ಜೈಭೀಮ್.