ಸಾಕಿದ ನಾಯಿಗೆ ಲಸಿಕೆ ಚೀಟಿ ಇದೆಯೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ತೋಟ, ಕುರಿರೊಪ್ಪ ಕಾಣುವುದು ಅಪರೂಪ. ಅನ್ನ ಹಾಕಿ ಸಾಕಿದ ಮೇಲೆ ಕಾನೂನಿನ ಹೊಣೆಯೂ ಹೆಗಲೇರುತ್ತದೆ ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುಪ್ರಾಣಿಗೆ ಜಂತುಹುಳದ ಔಷಧ, ಲಸಿಕೆ, ಸಂತಾನಹರಣ ಚಿಕಿತ್ಸೆ ಕೊಡಿಸುವುದು ಮಾಲೀಕನ ಕರ್ತವ್ಯ. ಬೀದಿನಾಯಿಗಳ ವಿಷಯದಲ್ಲಿ ಅದೇ ಕರ್ತವ್ಯ ಸ್ಥಳೀಯ ಸಂಸ್ಥೆಯದು. ಶಿರಾದಲ್ಲಿ ನಗರಸಭೆ, ಮಧುಗಿರಿ ಮತ್ತು ಪಾವಗಡದಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಇದಕ್ಕೆ ಉತ್ತರ ಕೊಡಬೇಕು.

ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ಹಾಕಿಸಿ. ಬೆಕ್ಕಿಗೂ ಹಾಕಿಸಬೇಕು, ಅದರ ಕಚ್ಚಿನಿಂದಲೂ ರೇಬಿಸ್ ಬರುತ್ತದೆ. ವೈದ್ಯರು ಸಹಿ ಮಾಡಿದ ಚೀಟಿಯನ್ನು ಪಡಿತರ ಚೀಟಿಯ ಜೊತೆಗೇ ಇಡಿ. ನಾಳೆ ನಿಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ, ನೀವು ಎಚ್ಚರಿಕೆಯಿಂದ ಸಾಕಿದ್ದಿರಿ ಎನ್ನುವುದಕ್ಕೆ ಆಧಾರವಾಗುವುದು ಅದೇ ಚೀಟಿ. ಅಪಾಯ ತರಬಲ್ಲ ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಕಚ್ಚಿಸಿಕೊಂಡವರು ಮೊದಲು ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದೂ ಬೇಡ. ನಾಟಿ ಔಷಧಕ್ಕೆಂದು ಒಂದು ದಿನವನ್ನೂ ಕಳೆಯಬೇಡಿ, ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಅಸಾಧ್ಯ ಎನ್ನುವಷ್ಟು ಕಷ್ಟ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಕೇಳಿ ಪಡೆಯಿರಿ. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲದೆ ಹತ್ತು ದಿನ ಗಮನಿಸಿ, ಆದರೆ ಅದಕ್ಕಾಗಿ ನಿಮ್ಮ ಚುಚ್ಚುಮದ್ದನ್ನು ಮುಂದೂಡಬೇಡಿ. ಹೊರರೋಗಿ ಚೀಟಿ ಎಸೆಯಬೇಡಿ, ಮುಂದೆ ದೂರು ಕೊಟ್ಟರೆ ಅದೇ ಸಾಕ್ಷಿ.

ತೋಟದ ನಾಯಿಗಳ ಸ್ಥಿತಿ ನೋಡಿದರೆ ನನಗೆ ಸಂಕಟವಾಗುತ್ತದೆ. ಬೆಳಗಿನಿಂದ ರಾತ್ರಿವರೆಗೆ ಗಿಡ್ಡ ಸರಪಳಿ, ಬೇಸಿಗೆಯಲ್ಲಿ ಬರಿದಾದ ನೀರಿನ ಬೋಗುಣಿ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಇದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಬಿಟ್ಟು ಓಡಾಡಿಸದಿರುವುದೂ, ಅನ್ನ, ನೀರು, ನೆರಳು ಕೊಡದಿರುವುದೂ, ಮುದಿಯಾಯಿತೆಂದು ಊರಾಚೆ ಬಿಟ್ಟುಬರುವುದೂ ಅದರಲ್ಲೇ ಬರುತ್ತವೆ. ಮೊದಲ ತಪ್ಪಿಗೆ ದಂಡ ಇಂದಿಗೂ 10ರಿಂದ 50 ರೂಪಾಯಿ. ಈ ಮೊತ್ತ ನಾಚಿಕೆ ತರಿಸುವಂಥದ್ದು, ಸಂಸತ್ತು ಇದನ್ನು ತಿದ್ದಲೇಬೇಕು. ಆದರೆ ವಿಷವಿಟ್ಟು ಕೊಂದರೆ, ಅಂಗವಿಕಲ ಮಾಡಿದರೆ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು.

ನಿಮ್ಮ ನಾಯಿಗೆ ಯಾರೋ ವಿಷ ಹಾಕಿದ್ದಾರೆ ಎನಿಸಿದರೆ ಹೂಳುವ ಆತುರ ಬೇಡ. ಫೋಟೊ ತೆಗೆದು, 112ಕ್ಕೆ ತಿಳಿಸಿ, ಸರ್ಕಾರಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಆ ವರದಿಯಿಲ್ಲದೆ ಪ್ರಕರಣ ನಿಲ್ಲುವುದು ಕಷ್ಟ. ಪಾವಗಡಕ್ಕೆ ಬಹುತೇಕ ಸುತ್ತಲೂ ಆಂಧ್ರದ ಗಡಿ. ಘಟನೆ ಗಡಿಯಾಚೆ ನಡೆದಿದ್ದರೂ ಪಾವಗಡ ಠಾಣೆಯಲ್ಲೇ ‘ಝೀರೊ ಎಫ್‌ಐಆರ್’ ದಾಖಲಿಸಬಹುದು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯವರು ಒಪ್ಪದಿದ್ದರೆ ಲಿಖಿತ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

ಚಿಕಿತ್ಸೆಯ ವಿಷಯದಲ್ಲೂ ಹಕ್ಕುಗಳಿವೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಡಿ ನೋಂದಾಯಿತ ವೈದ್ಯರಷ್ಟೇ ಪಶುವೈದ್ಯಕೀಯ ವೃತ್ತಿ ನಡೆಸಬಹುದು. ಮೆಡಿಕಲ್ ಅಂಗಡಿಯವರ ಮಾತು ಕೇಳಿ ಮನುಷ್ಯರ ಮಾತ್ರೆ ಕೊಡಬೇಡಿ. ಒಂದು ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯಬಹುದು. ಖಾಸಗಿ ಕ್ಲಿನಿಕ್ಕಿನಲ್ಲಿ ಹಣ ತೆತ್ತು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಎರಡು ವರ್ಷದೊಳಗೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತೆತ್ತ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಬಿಲ್ಲು ಮಾತ್ರ ಕೈಯಲ್ಲಿರಬೇಕು.

ಬೀದಿನಾಯಿಗಳ ಕಾಟವೆಂದು ಗುಂಪುಗೂಡಿ ದೊಣ್ಣೆ ಹಿಡಿಯುವ ಬದಲು ಸ್ಥಳೀಯ ಸಂಸ್ಥೆಗೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಈ ವರ್ಷ ಎಷ್ಟು ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯಾಯಿತು, ಎಷ್ಟು ಹಣ ಖರ್ಚಾಯಿತು? 30 ದಿನದಲ್ಲಿ ಉತ್ತರ ಕೊಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಅರ್ಜಿಯಲ್ಲಿ ಅದನ್ನೂ ಉಲ್ಲೇಖಿಸಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.