ಅರ ಹಿಡಿಯುವ ಗರಗಸ, ಅರ ಜಾರುವ ಗರಗಸ

ಹಳೆಯ ಕೈಗರಗಸಕ್ಕೂ ಇಂದು ಅಂಗಡಿಯಲ್ಲಿ ಸಿಗುವ ಗರಗಸಕ್ಕೂ ಇರುವ ಮುಖ್ಯ ವ್ಯತ್ಯಾಸವು, ಮೊಂಡಾದ ಹಲ್ಲನ್ನು ಅರದಿಂದ, ಎಂದರೆ ಉಕ್ಕನ್ನು ಉಜ್ಜಿ ಸವೆಸುವ ಸಾಧನದಿಂದ, ಮತ್ತೆ ಹರಿತಗೊಳಿಸಲು ಬರುವುದೇ ಎಂಬುದರಲ್ಲಿದೆ. ಹೊಸ ಗರಗಸಗಳಲ್ಲಿ ಅನೇಕವುಗಳ ಹಲ್ಲಿನ ತುದಿಗಳನ್ನು ವಿದ್ಯುತ್ ಪ್ರೇರಣೆಯಿಂದ ಕ್ಷಣಮಾತ್ರ ಕಾಯಿಸಿ, ತಣಿಸಿ ಗಡಸು ಮಾಡಿರುತ್ತಾರೆ. ಹಲ್ಲಿನ ಸಾಲಿನುದ್ದಕ್ಕೂ ಕಾಣುವ ನೀಲಿಗಪ್ಪು ಛಾಯೆ ಅದರ ಗುರುತು. ಇಂಥ ಹಲ್ಲು ಬೇಗ ಮೊಂಡಾಗದು. ಮೊಂಡಾದ ಮೇಲೆ ಅರಕ್ಕೂ ಬಗ್ಗದು. ಹೆನ್ರಿ ಡಿಸ್ಟನ್ 1840ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭಿಸಿದ ಉದ್ಯಮದಂಥ ಕಡೆ ತಯಾರಾದ ಹಳೆಯ ಗರಗಸಗಳಾದರೋ ಮತ್ತೆ ಮತ್ತೆ ಅರ ಹಾಕಿಸಿಕೊಂಡು ದಶಕಗಳ ಕಾಲ ದುಡಿಯಬಲ್ಲವು. ಅವುಗಳಲ್ಲಿ ಉತ್ತಮವಾದವುಗಳ ಅಲಗಿನ ಬೆನ್ನು ಹಲ್ಲಿನ ಅಂಚಿಗಿಂತ ತೆಳುವಾಗಿರುವಂತೆ ಉಜ್ಜಿರುವುದರಿಂದ ಅವು ಸೀಳಿನೊಳಗೆ ಸಿಕ್ಕಿಕೊಳ್ಳುವುದೂ ಕಡಿಮೆ.

ಹಳೆಯದನ್ನು ಕೊಳ್ಳುವವರು ಮೊದಲು ಹಲ್ಲಿನ ಅಂಚನ್ನು ಕಣ್ಣಿನ ನೇರಕ್ಕೆ ಹಿಡಿದು ಅಲಗು ಸೊಟ್ಟಗಿದೆಯೇ ಎಂದು ನೋಡಬೇಕು. ಅನಂತರ ಅಲಗನ್ನು ಮೆಲ್ಲಗೆ ಬಾಗಿಸಿ ಬಿಟ್ಟು, ಅದು ತಾನಾಗಿ ನೇರವಾಗುವುದೇ ಎಂದು ಪರೀಕ್ಷಿಸಬೇಕು. ಬೆನ್ನಿನ ಕಡೆ ತುಕ್ಕು ತಿಂದ ಗುಳಿಗಳಿದ್ದರೆ ಚಿಂತೆಯಿಲ್ಲ, ಹಲ್ಲಿನ ಬುಡದಲ್ಲಿದ್ದರೆ ಆ ಗರಗಸವನ್ನು ಬಿಡುವುದೇ ಲೇಸು, ಏಕೆಂದರೆ ಅರ ಹಾಕುವಾಗ ಹಲ್ಲು ಮುರಿಯುತ್ತದೆ. ಹಲ್ಲಿನ ಸಾಲು ನಡುವೆ ತುಸು ಉಬ್ಬಿದ್ದರೆ ಅದನ್ನು ಸವಕಳಿ ಎಂದು ತಿಳಿಯಬಾರದು. ಎಷ್ಟೋ ಹಳೆಯ ಗರಗಸಗಳನ್ನು ಹಾಗೆಯೇ ಮಾಡುತ್ತಿದ್ದರು. ಕೊನೆಗೆ ಹಿಡಿಯ ಬಳಿಯ ಒಂದು ಹಲ್ಲಿಗೆ ಅರವನ್ನು ಹಗುರವಾಗಿ ತಾಗಿಸಿದಾಗ ಅದು ಉಕ್ಕನ್ನು ಕಚ್ಚಿದರೆ ಸರಿ, ಗಾಜಿನ ಮೇಲೆ ಜಾರಿದಂತಾದರೆ ಹಲ್ಲು ಗಡಸು ಮಾಡಿದ್ದು.

ಹರಿತಗೊಳಿಸುವ ಮುನ್ನ ಅಲಗಿನ ತುಕ್ಕನ್ನು ಸೀಮೆಎಣ್ಣೆ ಮತ್ತು ಮರದ ತುಂಡಿಗೆ ಸುತ್ತಿದ ನಯವಾದ ಎಮರಿ ಕಾಗದದಿಂದ ತೆಗೆಯಬೇಕು. ಬಳಿಕ ಚಪ್ಪಟೆ ಅರವನ್ನು ಹಲ್ಲುಗಳ ನೆತ್ತಿಯ ಮೇಲೆ ಉದ್ದಕ್ಕೆ ಎಳೆದು ಎತ್ತರವನ್ನು ಸಮಗೊಳಿಸಿ, ಸೀಳು ಅಲಗಿಗಿಂತ ಅಗಲವಾಗುವಂತೆ ಒಂದು ಹಲ್ಲನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಬಾಗಿಸಬೇಕು. ಬಾಗು ಹಲ್ಲಿನ ಮೇಲರ್ಧಕ್ಕೆ ಮಾತ್ರ ಸೀಮಿತವಾಗಿರಬೇಕು. ಆಮೇಲೆ ಮೂರು ಮೂಲೆಯ ಅರದ ಕೆಲಸ. ಮರವನ್ನು ಎಳೆಯುದ್ದಕ್ಕೆ ಸೀಳುವ ಗರಗಸವಾದರೆ ಅರವನ್ನು ಅಲಗಿಗೆ ನೇರ ಅಡ್ಡಲಾಗಿಯೂ, ಎಳೆಗೆ ಅಡ್ಡಲಾಗಿ ಕೊಯ್ಯುವ ಗರಗಸವಾದರೆ ಪ್ರತಿ ಹಲ್ಲಿನ ಅಂಚೂ ಚಾಕುವಿನಂತಾಗಲು ಓರೆಯಾಗಿಯೂ ಹಿಡಿಯಬೇಕು. ಅರವನ್ನು ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಉಜ್ಜಬಾರದು.

ಇಷ್ಟು ಶ್ರಮಕ್ಕೆ ಒಗ್ಗದವರು ಹೊಸದನ್ನೇ ಕೊಳ್ಳುವುದು ವಿವೇಕ. ಪ್ಲೈವುಡ್ಡಿನ ಅಂಟಿಗೂ, ತನ್ನೊಳಗೇ ಸಿಲಿಕಾ ಕಣಗಳಿರುವ ಸಾಗುವಾನಿಗೂ ಹಳೆಯ ಹಲ್ಲು ಬೇಗ ಸೋಲುತ್ತದೆ.

ಹರಿತಗೊಂಡ ಗರಗಸದಿಂದ ಗೆರೆ ಎಳೆದ ರದ್ದಿ ಮರವನ್ನು ಕೊಯ್ದು ನೋಡಿದಾಗ ಅದು ಒಂದೇ ಕಡೆಗೆ ಸರಿಯುತ್ತಿದ್ದರೆ, ಆ ಮಗ್ಗುಲಿನ ಹಲ್ಲುಗಳು ಹೆಚ್ಚು ಬಾಗಿವೆ ಎಂದು ಅರ್ಥ. ಆ ಬದಿಗೆ ಸಾಣೆಕಲ್ಲನ್ನು ಚಪ್ಪಟೆಯಾಗಿ ಒಮ್ಮೆ ಹಗುರವಾಗಿ ಸವರಿ, ಮತ್ತೆ ಕೊಯ್ದು ನೋಡಬೇಕು.