ದೂರದ ಗಣಕದ ಬಾಗಿಲುಗಳು

ಕಾಪುವಿನಲ್ಲಿರುವ ವಿದ್ಯಾರ್ಥಿಯೊಬ್ಬನು ಮಣಿಪಾಲದ ಪ್ರಯೋಗಶಾಲೆಯ ಲಿನಕ್ಸ್ ಗಣಕವನ್ನು ಮನೆಯಿಂದಲೇ ಬಳಸುತ್ತಿದ್ದಾನೆಂದು ಭಾವಿಸೋಣ. ಎಸ್‌ಎಸ್‌ಎಚ್ ಸಂಪರ್ಕದಿಂದ ಟರ್ಮಿನಲ್ ತೆರೆದಾಗ ಅವನ ಆಜ್ಞೆಗಳೆಲ್ಲ ಸರಿಯಾಗಿ ನಡೆಯುತ್ತವೆ. ಅದೇ ಗಣಕವನ್ನು ವಿಎಸ್ ಕೋಡ್‌ನಂಥ ಎಡಿಟರಿನ ಮೂಲಕ ತೆರೆದರೆ 'ಆಜ್ಞೆ ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ಕೆಲವೊಮ್ಮೆ ಸಂಪರ್ಕವೇ ಕೂಡಿಬರುವುದಿಲ್ಲ. ಗಣಕ ಒಂದೇ, ಬಳಸುವವನೂ ಒಬ್ಬನೇ, ಭೇದವೇಕೆ?

ನಮ್ಮ ಆಜ್ಞೆಗಳನ್ನು ಓದಿ ನಡೆಸಿಕೊಡುವ ಸಾಧನಕ್ಕೆ ಷೆಲ್ ಎಂದು ಹೆಸರು. 1989ರಲ್ಲಿ ಬ್ರಯನ್ ಫಾಕ್ಸ್ ಹೊರತಂದ ಬ್ಯಾಶ್ ಇವುಗಳಲ್ಲಿ ಪ್ರಸಿದ್ಧವಾದುದು. ಕೆಲಸಕ್ಕೆ ತೊಡಗುವ ಮುನ್ನ ಷೆಲ್ ಕೆಲವು ಆರಂಭದ ಕಡತಗಳನ್ನು ಓದುತ್ತದೆ. ಯಾವುದನ್ನು ಓದುವುದೆಂಬುದು ಅದನ್ನು ತೆರೆದ ರೀತಿಯನ್ನು ಅವಲಂಬಿಸಿದೆ. ಉಡುಪಿ, ಕಾರ್ಕಳಗಳ ಕಡೆ ಹೆಬ್ಬಾಗಿಲಿನಿಂದ ಬಂದ ನೆಂಟನಿಗೆ ಚಾವಡಿಯಲ್ಲಿ ಬೆಲ್ಲ-ನೀರು ಕೊಡುವ ವಾಡಿಕೆಯುಂಟು. ಅದೇ ನೆಂಟನು ಹಿತ್ತಿಲ ಬಾಗಿಲಿನಿಂದ ಬಂದರೆ ಆ ಉಪಚಾರ ತಪ್ಪಿಹೋದೀತು. ಷೆಲ್‌ನ ಕ್ರಮವೂ ಹೀಗೆಯೇ.

ಲಾಗಿನ್ ಮಾಡಿ ಬಂದ ಬ್ಯಾಶ್, ಇಡೀ ಗಣಕಕ್ಕೆ ಸಂಬಂಧಿಸಿದ ಪ್ರೊಫೈಲ್ ಕಡತವನ್ನು ಓದಿ, ಬಳಿಕ ಬಳಕೆದಾರನ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್ ಎಂಬ ಮೂರರಲ್ಲಿ ಮೊದಲು ಸಿಕ್ಕಿದ ಒಂದನ್ನು ಮಾತ್ರ ಓದುತ್ತದೆ. ಆದುದರಿಂದ ಹೊಸದಾಗಿ .ಬ್ಯಾಶ್_ಪ್ರೊಫೈಲ್ ರಚಿಸಿದರೆ ಹಳೆಯ .ಪ್ರೊಫೈಲ್ ಮೂಲೆಗೆ ಬೀಳುತ್ತದೆ. ಲಾಗಿನ್ ಇಲ್ಲದೆ ತೆರೆದ ಟರ್ಮಿನಲ್ ಓದುವುದು .ಬ್ಯಾಶ್‌ಆರ್‌ಸಿಯನ್ನು, ಲಿನಕ್ಸಿನಲ್ಲಿ ಎಡಿಟರಿನೊಳಗಿನ ಟರ್ಮಿನಲ್ ಸಾಮಾನ್ಯವಾಗಿ ಈ ಬಗೆಯದು. ಎಸ್‌ಎಸ್‌ಎಚ್ ಮೂಲಕ ಬರಿಯ ಆಜ್ಞೆಯೊಂದನ್ನು ಕಳುಹಿಸಿದಾಗಲೂ ಬ್ಯಾಶ್ ಈ ಕಡತವನ್ನೇ ಓದಲು ತೊಡಗುತ್ತದೆ. ಆದರೆ ಉಬುಂಟುವಿನಲ್ಲಿ ಅದರ ಆರಂಭದಲ್ಲಿಯೇ 'ಮಾತುಕತೆಗೆ ಮನುಷ್ಯನಿಲ್ಲದಿದ್ದರೆ ಹಿಂದಿರುಗು' ಎಂಬ ಅರ್ಥದ ತಡೆಯೊಂದಿದೆ. ಅದರ ಕೆಳಗಿನ ಸಾಲುಗಳು ಆಗ ನಡೆಯುವುದೇ ಇಲ್ಲ.

ಇದರಿಂದ ಎರಡು ಬಗೆಯ ದೋಷಗಳು ಹುಟ್ಟುತ್ತವೆ. ಆಜ್ಞೆಗಳನ್ನು ಹುಡುಕಬೇಕಾದ ಸ್ಥಳಗಳ ಪಟ್ಟಿಯಾದ ಪಾಥ್, ಓದದೆ ಉಳಿದ ಕಡತದಲ್ಲಿದ್ದರೆ ಆಜ್ಞೆ ಸಿಗದು. ಎರಡನೆಯದು, ತಡೆಯಿಲ್ಲದ ಕಡತದಲ್ಲಿ ಸ್ವಾಗತವಾಕ್ಯ ಅಚ್ಚಾಗುವುದು ಅಥವಾ ಪ್ರಶ್ನೆ ಕೇಳಿ ಕಾಯುವುದು. ಅತ್ತ ಕಾದಿರುವುದು ಮನುಷ್ಯನಲ್ಲ, ಯಂತ್ರ. ಅನಿರೀಕ್ಷಿತವಾದ ಮಾತಿನಿಂದ ಅದರ ವ್ಯವಹಾರ ಕೆಡುತ್ತದೆ. ಕಡತಗಳನ್ನು ಸಾಗಿಸುವ ಎಸ್‌ಎಫ್‌ಟಿಪಿಯೂ ಹೀಗೆಯೇ ಮುರಿಯುತ್ತದೆ.

ಪರೀಕ್ಷೆಯು ಸುಲಭ. ಏನನ್ನೂ ಮಾಡದ 'ಟ್ರೂ' ಎಂಬ ಆಜ್ಞೆಯನ್ನು ಎಸ್‌ಎಸ್‌ಎಚ್ ಮೂಲಕ ಕಳುಹಿಸಿ ನೋಡಬೇಕು. ಆರಂಭದ ಕಡತದ ಒಂದಕ್ಷರ ಮರಳಿ ಬಂದರೂ ಅಲ್ಲಿ ದೋಷವಿದೆ. ಟರ್ಮಿನಲ್ಲಿನಲ್ಲಿ $- ಎಂಬುದರ ಬೆಲೆಯನ್ನು ಎಕೋದಿಂದ ಅಚ್ಚುಮಾಡಿಸಿದಾಗ 'ಐ' ಅಕ್ಷರವಿದ್ದರೆ ಷೆಲ್ ಮಾತುಕತೆಯ ಬಗೆಯದು. ಅದು ಲಾಗಿನ್ ಷೆಲ್ ಹೌದೇ ಎಂಬುದನ್ನು ಶಾಪ್ಟ್ ಆಜ್ಞೆ ತಿಳಿಸುತ್ತದೆ.

ಪರಿಹಾರವೂ ಸರಳವೇ. ಪಾಥ್‌ನ ಸಾಲುಗಳು .ಬ್ಯಾಶ್‌ಆರ್‌ಸಿಯ ತಡೆಯ ಮೇಲಿರಲಿ, ಸ್ವಾಗತ, ಬಣ್ಣ, ಅಡ್ಡಹೆಸರುಗಳು ಕೆಳಗಿರಲಿ, ಲಾಗಿನ್ ಕಡತವು.ಬ್ಯಾಶ್‌ಆರ್‌ಸಿಯನ್ನು ಕರೆದು ಓದಲಿ. ದೂರದ ಗಣಕದಲ್ಲಿ ಎಡಿಟರಿನ ಸಹಾಯಕ ಸರ್ವರ್ ಹಳೆಯ ಬೆಲೆಗಳನ್ನೇ ಹಿಡಿದಿರಬಹುದಾದ ಕಾರಣ, ಅದನ್ನು ನಿಲ್ಲಿಸಿ ಮತ್ತೆ ಆರಂಭಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಕಡತದಲ್ಲಿ ಒಂದು ಸಾಲು ತಪ್ಪಿದರೂ ದೂರದ ಗಣಕದ ಬಾಗಿಲು ನಮಗೇ ಮುಚ್ಚಬಹುದು. ಆದುದರಿಂದ ಕಡತದ ಪ್ರತಿಯೊಂದನ್ನು ತೆಗೆದಿಟ್ಟು, ತೆರೆದಿರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಹೊಸ ಸಂಪರ್ಕದಿಂದ ಪರೀಕ್ಷಿಸಬೇಕು. ಹೊಸದು ಕೂಡಿಬಂದ ಮೇಲೆಯೇ ಹಳೆಯದನ್ನು ಬಿಡುವುದು ಕ್ಷೇಮ.